ಮೂರನೆಯವರ ಗೇಣು

ಜುಲೈ ೮

ಮನಗೂಳಿಯಲ್ಲಿ ಬಸ್ಸಿಳಿದು ಟಂಟಂ ಆಟೊ ಹತ್ತಿ ಈ ಊರು ಸೇರುವಷ್ಟರಲ್ಲಿ ಎರಡು ಸಲ ತೂಕಡಿಸಿದೆ. ಎರಡು ಸಲ ಕಣ್ಣು ಬಿಟ್ಟಾಗಲೂ ಹೊರಗೆ ಅದೇ ಕರಿ ನೆಲ, ಅದೇ ಆಕಾಶ. ನಡುವೆ ಗುಡ್ಡವಿಲ್ಲ, ಗಿಡವೂ ಇಲ್ಲ. ನಾನು ಸಮುದ್ರ ನೋಡಿದವಳಲ್ಲ. ನೋಡಿದರೆ ಹೀಗೇ ಇರಬಹುದು ಅನ್ನಿಸಿತು.

ಕೃಷಿ ಪದವಿಯ ಕೊನೆಯ ವರ್ಷದವರೆಲ್ಲ ಮೂರು ತಿಂಗಳು ಹಳ್ಳಿಯಲ್ಲಿ ರೈತರ ಮನೆಯಲ್ಲೇ ಇದ್ದು ಕೆಲಸ ಕಲಿಯಬೇಕು. ನನ್ನನ್ನೂ ಇಂಡಿ ಊರಿನ ಸಹಪಾಠಿ ಐಶ್ವರ್ಯಳನ್ನೂ ಸಿದ್ದಲಿಂಗವ್ವನವರ ಮನೆಗೆ ಹಾಕಿದ್ದಾರೆ. ಅರವತ್ತು ದಾಟಿದ ಹೆಂಗಸು. ಎಡಗೈಗೆ ಗಂಡಸರ ವಾಚು, ಸೊಂಟದಲ್ಲಿ ಕೀಲಿಕೈ ಗೊಂಚಲು. ಆರು ಎಕರೆ ಎರಿ ಹೊಲವನ್ನು, ಅಂದರೆ ಕಪ್ಪು ಮಣ್ಣಿನ ಹೊಲವನ್ನು, ತಾವೇ ನಿಂತು ಮಾಡಿಸುತ್ತಾರೆ. ಊರೆಲ್ಲ ಅವರನ್ನು ‘ಆಯಿ’ ಅನ್ನುತ್ತದೆ, ನಾವೂ ಅಂದೆವು. "ಗುಲನಾಜ ಅಂದ್ರ ಏನವ್ವ ಅರ್ಥ?" ಅಂದರು. ಗೊತ್ತಿಲ್ಲ ಅಂದೆ. "ಇಷ್ಟ ಸಾಲಿ ಕಲತಿ, ನಿನ್ನ ಹೆಸರ ನಿನಗ ಗೊತ್ತಿಲ್ಲ" ಎಂದು ನಕ್ಕು ಇನ್ನೊಂದು ಬಿಸಿ ರೊಟ್ಟಿ ಹಾಕಿದರು.

ಪ್ರಾಜೆಕ್ಟಿಗೆ ಚೀಟಿ ಎತ್ತಿದ್ದೆವು. ನನಗೆ ಬೇಕಾಗಿದ್ದದ್ದು ಬೀಜ. ಬಿಳಿ ಕೋಟು, ಗಾಜಿನ ಕೋಣೆ, ಕಾಗದದ ಕವರಿನಲ್ಲಿ ಮಲಗಿದ ಹೊಸ ತಳಿ. ನಾಲ್ಕು ವರ್ಷದಿಂದ ಇದೇ ಕನಸು. ನನ್ನ ಚೀಟಿಯಲ್ಲಿ ಬಂದದ್ದು ಮಣ್ಣು ಮತ್ತು ನೀರು ಸಂರಕ್ಷಣೆ. ಬೀಜ ಐಶ್ವರ್ಯಳ ಪಾಲಾಯಿತು. ಬದಲಿಸಿಕೊಳ್ಳೋಣವೆಂದು ಗೋಗರೆದೆ. "ಬ್ಯಾಡವಾ ತಾಯಿ. ನಮ್ಮಪ್ಪನ ನಿಂಬಿ ತ್ವಾಟದಾಗ ಮಣ್ಣ ಹೊತ್ತ ಹೊತ್ತ ಸಾಕಾಗೇತಿ" ಅಂದಳು.

ಈ ದಿನಚರಿ ಪುಸ್ತಕ ಅಮ್ಮಿ ಕೊಟ್ಟದ್ದು. ಸುಮ್ಮನೆ ಕನಸು ಕಾಣುತ್ತ ಕೂಡುವ ಬದಲು ಬರೆದಿಡು ಅಂದಿದ್ದಾಳೆ.

ಜುಲೈ ೧೪

ಈ ವರ್ಷ ಮುಂಗಾರು ಮೇಲೆ ಮೇಲೆ ಉದುರಿ ಹೋಗಿದೆ. ಹೊಲ ಬಾಯಿ ಬಿಟ್ಟುಕೊಂಡು ಬಿದ್ದಿದೆ. ಕೆಲವು ಬಿರುಕಿನಲ್ಲಿ ಮೊಣಕೈವರೆಗೆ ಕೈ ಇಳಿಯುತ್ತದೆ.

ಮುಂಗಾರಿಗೆ ಇಲ್ಲಿ ಏನೂ ಬಿತ್ತುವುದಿಲ್ಲವಂತೆ. ನೆಲ ನೀರು ಕುಡಿದು ತುಂಬಿಕೊಳ್ಳಲಿ ಎಂದು ಖಾಲಿ ಬಿಡುತ್ತಾರೆ. ಸೆಪ್ಟೆಂಬರಿನ ಉತ್ತರಿ ಮಳೆ ಹೊಲದಲ್ಲಿ ನಿಂತು ಇಂಗಿದರೆ ಬಿಳಿಜೋಳ ಬಿತ್ತನೆ, ಇಲ್ಲದಿದ್ದರೆ ಇಲ್ಲ. ಆಯಿಯ ಮನೆಯ ವರ್ಷದ ರೊಟ್ಟಿ ಆ ಒಂದು ಮಳೆಯ ಮೇಲಿದೆ.

ಮಧ್ಯಾಹ್ನ ಬನ್ನಿ ಗಿಡದ ನೆರಳಲ್ಲಿ ಬೋರಲು ಮಲಗಿ ಒಂದು ಬಿರುಕಿಗೆ ಕಿವಿ ಕೊಟ್ಟೆ. ತಣ್ಣನೆಯ ಗಾಳಿ ತಾಗಿತು. ಒಳಗೆ ಯಾರೋ ನಿಧಾನಕ್ಕೆ ಉಸಿರಾಡುತ್ತಿದ್ದ ಹಾಗಿತ್ತು. ಎಷ್ಟು ಹೊತ್ತು ಹಾಗೇ ಇದ್ದೆನೋ ತಿಳಿಯದು. ಎದ್ದಾಗ ಕಿಸೆಯ ಪೆನ್ನು ಜಾರಿ ಒಳಗೆ ಹೋಯಿತು. ಹತ್ತನೆಯ ತರಗತಿ ಪಾಸಾದಾಗ ಅಬ್ಬಾ ಕೊಟ್ಟ ಪೆನ್ನು ಅದು. ಕಡ್ಡಿ ಹಾಕಿ ಕೆದಕಿದೆ, ಸಿಗಲಿಲ್ಲ. ಅಳು ಬಂತು.

ಆಯಿಗೆ ಹೇಳಿದರೆ, "ಎರಿ ನುಂಗಿದ್ದು ಎರಿ ಹೊಳ್ಳಿ ಕೊಡ್ತೈತಿ. ನಿನ್ನ ಕೈಯಾಗ ಕೊಡ್ತೈತಿ ಅಂತ ಮಾತ್ರ ತಿಳ್ಕೋಬ್ಯಾಡ" ಅಂದರು.

ಜುಲೈ ೧೫

ಹೊಸ ಪೆನ್ನು. ಬರೆಯಲು ಏನೂ ಇಲ್ಲ.

ಜುಲೈ ೩೧

ಆಯಿಯ ಮಗಳಿಗೆ ಮುದ್ದೇಬಿಹಾಳದಲ್ಲಿ ಎರಡನೇ ಹೆರಿಗೆ. ಆಯಿ ಅಲ್ಲಿಗೆ ಹೊರಟರು, ತಿಂಗಳೊಪ್ಪತ್ತು ಬರುವುದಿಲ್ಲವಂತೆ. ಎಮ್ಮೆಯನ್ನು ಪಕ್ಕದ ಮನೆಗೆ, ಮನೆಯನ್ನು ನಮಗೆ ಒಪ್ಪಿಸಿದರು. ಬಸ್ಸು ಬಂದಾಗ ನನ್ನ ಕೈ ಹಿಡಿದು, "ಮಳಿ ಬಂತಂದ್ರ ಮಂದಿ ಮನಿಗೆ ಓಡ್ತಾರ. ಒಡ್ಡು ಇದ್ದವರು ಹೊಲಕ್ಕ ಓಡಬೇಕು. ನೆನಪಿರ್ಲಿ" ಅಂದರು. ಹೂಂ ಅಂದೆ. ನಾನಾದರೆ ಮಳೆ ಬಂದರೆ ಕಿಟಕಿ ಮುಚ್ಚಿ ಹೊದ್ದು ಮಲಗುವವಳು.

ಆಗಸ್ಟ್ ೯

ಇವತ್ತು ನನ್ನ ಪ್ರಾಜೆಕ್ಟಿನ ದೊಡ್ಡ ಕೆಲಸ ಮುಗಿಯಿತು.

ಆಯಿಯ ಹೊಲದ ತಗ್ಗಿನ ಅಂಚಿಗೆ ಉದ್ದಕ್ಕೂ ಸೊಂಟದೆತ್ತರದ ಮಣ್ಣಿನ ಒಡ್ಡು ಇದೆ. ನಡುವೆ ಒಂದೂವರೆ ಮಾರು ಅಗಲಕ್ಕೆ ಒಡೆದು ಹೋಗಿದೆ. ಅಲ್ಲಿ ಹಳೆಯ ಚಪ್ಪಡಿ ಕಲ್ಲುಗಳು, ಮೇಲೆ ಬಾರಿ ಗಿಡದ ಮುಳ್ಳು. ಮಳೆಗೆ ಮುಂಚೆ ಒಡಕು ಮುಚ್ಚಬೇಕು ಎಂದು ಪುಸ್ತಕದಲ್ಲಿ ದಪ್ಪಕ್ಷರದಲ್ಲೇ ಇದೆ. ಸುತ್ತಲಿನ ಊರುಗಳಲ್ಲಿರುವ ನಮ್ಮ ತರಗತಿಯವರೆಲ್ಲ ಬಂದರು. ಮಣ್ಣು ಹೊತ್ತು, ತುಳಿದು, ನೀರು ಹೊಡೆದು, ಹತ್ತು ಗಂಟೆಯೊಳಗೆ ಮುಚ್ಚಿದೆವು. ಕಲ್ಲುಗಳನ್ನು ಏನು ಮಾಡುವುದು? ಐಶ್ವರ್ಯ ಸುಣ್ಣ ತಂದಳು. ಬಿಳಿ ಬಳಿದು ಮೂರು ದಿನ ಬಿಟ್ಟು ಕೆಲಸ ನೋಡಲು ನಮ್ಮ ಸರ್ ಬರುವ ಹಾದಿಯ ಎರಡೂ ಬದಿಗೆ ಜೋಡಿಸಿದೆವು. ಎಲ್ಲಕ್ಕಿಂತ ದೊಡ್ಡ ಚಪ್ಪಡಿ ನಾವು ಕಟ್ಟಿದ ಕಾಲೇಜಿನ ಬ್ಯಾನರಿನ ಮುಂದೆ ಮೆಟ್ಟಿಲಾಯಿತು. ಬಹಳ ಚಂದ ಕಂಡಿತು.

ಕೆಳಗಿನ ಹೊಲದ ಬಸಂತರಾಯ ಕಾಕಾ ಹಣೆಗೆ ಕೈ ಇಟ್ಟು ತಮ್ಮ ಹೊಲದಿಂದಲೇ ನಮ್ಮನ್ನು ನೋಡುತ್ತ ನಿಂತಿದ್ದರು. "ನಮಸ್ಕಾರ್ರಿ ಕಾಕಾ!" ಎಂದು ಕೂಗಿದೆ. ಹೆಗಲ ಮೇಲಿನ ಟವೆಲ್ ಝಾಡಿಸಿ ಹೋಗಿಬಿಟ್ಟರು. ಏನು ಜನವೋ.

ಆಗಸ್ಟ್ ೧೨

ಸಿದ್ದಾರೂಢ ಸರ್ ಬಂದಿದ್ದರು. ನಮ್ಮ ಪ್ರಾಜೆಕ್ಟುಗಳಿಗೆ ಅಂಕ ಕೊಡುವವರು ಇವರೇ. ಬಿಳಿ ಕಲ್ಲಿನ ನಡುವೆ ನಡೆದು ಬಂದು, ಒಡ್ಡಿನ ಮೇಲೆ ನಿಂತು ಫೋಟೋ ತೆಗೆಸಿಕೊಂಡರು. "ಶಹಬ್ಬಾಸ್. ಇಪ್ಪತ್ತನೇ ಸೆಪ್ಟೆಂಬರಿಗೆ ಮೌಲ್ಯಮಾಪನ. ಹಿಂಗ ಇರ್ಲಿ" ಅಂದರು. ಈ ಅಂಕ ಬಂದರೆ ಎಂ.ಎಸ್ಸಿ.ಗೆ ಬೀಜದ ಸೀಟು ಸಿಕ್ಕ ಹಾಗೆಯೇ.

ಆಗಸ್ಟ್ ೨೫

ಎರಡು ದಿನಕ್ಕೆ ಸಿಂದಗಿಗೆ, ನಮ್ಮ ಮನೆಗೆ ಬಂದೆ. ಅಬ್ಬಾನ ಅಂಗಡಿ ತುಂಬ ಸುಟ್ಟ ಬೋರ್ ಮೋಟಾರುಗಳು. ಅಬ್ಬಾ, ಅಂದರೆ ಊರಿಗೆಲ್ಲ ಮೋಟಾರ್ ಮಶಾಕಸಾಬ, ತಾಮ್ರದ ತಂತಿ ಸುತ್ತುತ್ತ ಮಾತಾಡಿದ. ಮೊದಲು ಮೋಟಾರನ್ನು ಇನ್ನೂರು ಅಡಿಗೆ ಇಳಿಸುತ್ತಿದ್ದರಂತೆ, ಈಗ ಎಂಟುನೂರಕ್ಕೆ. "ನೀರು ಕೆಳಗ ಹೋದಷ್ಟ ನನಗ ಕೆಲಸ ಹೆಚ್ಚು. ಖುಷಿ ಪಡಾಕ ಮನಸ ಬರೂದಿಲ್ಲ ನೋಡು" ಅಂದ. ಆಮೇಲೆ ನನ್ನ ಅಂಗೈ ತಿರುಗಿಸಿ ನೋಡಿ, "ಗೇಣ ಹೊಲ ಇಲ್ಲ ನಮಗ. ನಿನ್ನ ಕೈಯಾಗ ಬೊಬ್ಬಿ ನೋಡು" ಎಂದು ನಕ್ಕ.

ಸೆಪ್ಟೆಂಬರ್ ೪

ಆಯಿ ಬಂದರು. ಮನೆಗೆ ಬರುವ ಮೊದಲು ಹೊಲಕ್ಕೆ ಹೋದರು. ಮೊಮ್ಮಗಳು ಹುಟ್ಟಿದ್ದನ್ನೂ ಹೇಳದೆ, "ನನ್ನ ಕೋಡಿ ಎಲ್ಲೈತಿ?" ಅಂದರು.

ನನಗೆ ಅರ್ಥವಾಗಲಿಲ್ಲ. ಒಡಕು ಮುಚ್ಚಿದ್ದನ್ನು ತೋರಿಸಿದೆ. ಅವರು ಹೊಸ ಮಣ್ಣಿನ ಮೇಲೆ ಕೂತುಬಿಟ್ಟರು.

ಅದು ಒಡಕು ಅಲ್ಲವಂತೆ. ಬಿಟ್ಟ ಬಾಯಿ. ಮಳೆ ನೀರು ಹೊಲದಲ್ಲಿ ಒಂದು ಗೇಣು ನಿಲ್ಲಬೇಕು. ಹೆಚ್ಚಾದದ್ದು ಕಲ್ಲಿನ ಮೇಲೆ ಹಾದು ಬಸಂತರಾಯರ ಹೊಲಕ್ಕೆ ಹೋಗಬೇಕು, ಅಲ್ಲಿಂದ ಅವರ ಕೋಡಿ ಹಾದು ಹಳ್ಳಕ್ಕೆ, ಹಳ್ಳದಿಂದ ಡೋಣಿ ಹೊಳೆಗೆ. "ಎರಿ ಮಣ್ಣಿನ ಒಡ್ಡು ಒಣಗಿದಾಗ ಬಿರೀತೈತಿ. ಅದರ ಬಾಯಿ ಮುಚ್ಚಿದ್ರ ಹೊಟ್ಟಿ ಒಡೀತೈತಿ. ಮಣ್ಣೆಲ್ಲ ಹೊತಗೊಂಡ ಹೋಗ್ತೈತಿ" ಅಂದರು.

ನೀರು ಗೇಣು ಮೀರದಂತೆ ತಡೆಯುವ ಮಟ್ಟದ ಕಲ್ಲು ಒಂದಿತ್ತು. ಅದು ನಮ್ಮ ಬ್ಯಾನರಿನ ಮೆಟ್ಟಿಲು. ಆ ಕಲ್ಲು ಕೂಡಿಸುವ ದಿನ ಆಯಿಯ ಮಾವ ಅಳತೆಗೆ ತನ್ನ ಗೇಣು ಇಡಲಿಲ್ಲ, ಬಸಂತರಾಯರ ಅಪ್ಪನೂ ಇಡಲಿಲ್ಲ. ಒಬ್ಬರದು ದೊಡ್ಡ ಕೈ, ಒಬ್ಬರದು ಸಣ್ಣದು. ನಾಳೆ ಜಗಳಕ್ಕೆ ದಾರಿ. ಹೊಲವಿಲ್ಲದ ಮೂರನೆಯವರ ಕೈ ಬೇಕು ಎಂಬುದು ಈ ಕಡೆಯ ರೂಢಿ. ಹಾದಿಯಲ್ಲಿ ಆಡು ಹೊಡೆದುಕೊಂಡು ಬರುತ್ತಿದ್ದ ಬಾನುಬಿ ಎಂಬಾಕೆಯನ್ನು ಕರೆದು ಆಕೆಯ ಗೇಣು ಇಡಿಸಿದರಂತೆ. ಬಾನುಬಿ ತೀರಿ ಎಷ್ಟೋ ವರ್ಷವಾಯಿತು. ನೀರು ಇನ್ನೂ ಅವಳ ಗೇಣಿಗೇ ನಿಲ್ಲುತ್ತಿತ್ತು.

ನಾನು ಏನು ಅಂದೆನೋ ಬರೆಯಲು ನಾಚಿಕೆ. ಇಪ್ಪತ್ತಕ್ಕೆ ಮೌಲ್ಯಮಾಪನ, ಅಲ್ಲಿವರೆಗೆ ಹೀಗೇ ಇರಲಿ ಆಯಿ, ಆಮೇಲೆ ನಾನೇ ತೆಗೆಯುತ್ತೇನೆ ಅಂದೆ. ಆಯಿ ಕೈಯ ವಾಚು ಒಮ್ಮೆ ತಿರುವಿದರು. "ಆತು. ನಿನ್ನ ಪರೀಕ್ಷಾ ಮುಗೀಲಿ. ಮಳಿ ಮಾತ್ರ ನಿನ್ನ ತಾರೀಖು ಕೇಳಿ ಬರೂದಿಲ್ಲ" ಅಂದರು.

ಸೆಪ್ಟೆಂಬರ್ ೫

ನನ್ನ ಪಾಲಿನ ರೊಟ್ಟಿಯನ್ನು ಎಮ್ಮೆಗೆ ಹಾಕಿದೆ.

ಸೆಪ್ಟೆಂಬರ್ ೧೧

ಹಿಟ್ಟಿನ ಗಿರಣಿಯಲ್ಲಿ ಬಸಂತರಾಯ ಕಾಕಾ ಸಿಕ್ಕರು. ನಾನೇ ಹೋಗಿ ಮಾತಾಡಿಸಿದೆ.

"ಆಕಿ ಕೋಡಿ ಮುಚ್ಚಿಸ್ಯಾಳ. ನನಗ ನೀರ ಬರಬಾರದಂತ. ತಿಳೀತು ನನಗ" ಅಂದರು.

"ಇಲ್ರಿ ಕಾಕಾ. ಆಯಿ ಊರಾಗ ಇರಲಿಲ್ಲ. ತಿಳೀದ ನಾನ ಮುಚ್ಚೇನಿ."

ಅವರು ಚೀಲ ಕೆಳಗಿಟ್ಟರು.

"ನೀವು ನೋಡ್ಕೋತ ನಿಂತಿದ್ರಲ್ರಿ, ಯಾಕ ಹೇಳಲಿಲ್ಲ?"

"ಮಾತ ನಿಂತು ಹನ್ನೊಂದ ವರ್ಷ ಆತು. ಆಕಿ ಹೊಲದ ಕೆಲಸಕ್ಕ ನಾ ಹ್ಯಾಂಗ ಬಾಯಿ ಹಾಕ್ಲಿ ತಂಗಿ?"

ಒಂದು ಜಾಲಿ ಗಿಡ ಯಾರ ಬದುವಿನದು ಎಂಬ ಜಗಳವಂತೆ. ಗಿಡ ಗಾಳಿಗೆ ಬಿದ್ದೂ ಹೋಗಿದೆ. ಹನ್ನೊಂದು ವರ್ಷ ಒಬ್ಬರ ಮದುವೆಗೆ ಒಬ್ಬರು ಹೋಗಿಲ್ಲ, ಆದರೆ ಆ ಕೋಡಿಯ ಕಲ್ಲನ್ನು ಯಾರೂ ಮುಟ್ಟಿರಲಿಲ್ಲ. ಎರಡು ಮನೆಗಳ ನಡುವೆ ಉಳಿದಿದ್ದದ್ದು ಅದೊಂದೇ. ಅದಕ್ಕೆ ನಾನು ಸುಣ್ಣ ಬಳಿದೆ.

ಮನೆಗೆ ಬರುತ್ತ ಆಕಾಶ ನೋಡಿದೆ. ಒಂದು ಮೋಡವೂ ಇಲ್ಲ. ಯಾ ಅಲ್ಲಾ, ಇಪ್ಪತ್ತರವರೆಗೆ ಮಳೆ ಬೇಡ ಎಂದು ಬೇಡಿಕೊಂಡೆ. ಹತ್ತು ಹೆಜ್ಜೆ ಹೋದ ಮೇಲೆ ಊರೆಲ್ಲ ಮಳೆ ಬೇಡುತ್ತಿರುವುದು ನೆನಪಾಯಿತು. ಅಲ್ಲೇ ನಿಂತುಬಿಟ್ಟೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಸೆಪ್ಟೆಂಬರ್ ೧೭

ಮಧ್ಯಾಹ್ನ. ಆಯಿ ಜೋಳದ ಬೀಜ ತರಲು ಬಸವನ ಬಾಗೇವಾಡಿಗೆ ಹೋಗಿದ್ದಾರೆ. ಉಸಿರು ಕಟ್ಟುವ ಸೆಕೆ. ಊಟವಾಗಿ ಹಾಗೇ ಒರಗಿದ್ದೆ, ಕನಸು ಬಿತ್ತು. ಬಿರುಕಿನೊಳಗೆ ಮೆಟ್ಟಿಲುಗಳಿದ್ದವು. ಇಳಿದೆ, ಇಳಿದೆ. ತಳದಲ್ಲಿ ಒಬ್ಬ ಹೆಂಗಸು ಆಡುಗಳ ನಡುವೆ ಕೂತು ನನ್ನ ಪೆನ್ನಿನಿಂದ ಬರೆಯುತ್ತಿದ್ದಳು. ಏನು ಬರೆಯುತ್ತಿದ್ದಾಳೆ ಎಂದು ಬಗ್ಗಿದೆ. ಆಕೆ ಅಂಗೈ ಅಗಲಿಸಿ ಹಾಳೆಯ ಮೇಲಿಟ್ಟು ಮುಚ್ಚಿಕೊಂಡಳು.

ಎದ್ದಾಗ ಕೋಣೆ ಕಪ್ಪಾಗಿತ್ತು. ಮೂಡಣಕ್ಕೆ ಮೋಡ ಕವಿದಿದೆ. ಹಂಚಿನ ಮೇಲೆ ಹನಿ

ಸೆಪ್ಟೆಂಬರ್ ೧೮

ನಿನ್ನೆ ವಾಕ್ಯ ಮುಗಿಸದೆ ಓಡಿದೆ. ಇವತ್ತು ಕೈ ಊದಿಕೊಂಡಿದೆ, ಆದರೂ ಬರೆಯುತ್ತೇನೆ.

ಸಲಿಕೆ ಹಿಡಿದು ಓಡುವಾಗ ಎದುರಿಗೆ ಜನ ಮನೆ ಕಡೆ ಓಡಿ ಬರುತ್ತಿದ್ದರು. "ಏ ತಂಗಿ, ಎಲ್ಲಿ ಹೊಂಟಿ? ಮಳಿ ಐತಿ!" ಎಂದು ಯಾರೋ ಕೂಗಿದರು. ಹಿಂದಿನಿಂದ ಐಶ್ವರ್ಯ ಚಪ್ಪಲಿ ಕಳೆದುಕೊಂಡು ಬಯ್ಯುತ್ತ ಬರುತ್ತಿದ್ದಳು.

ಹೊಲ ಮುಟ್ಟುವಷ್ಟರಲ್ಲಿ ಮೇಲಿನ ಹೊಲಗಳ ನೀರೂ ಸೇರಿ ಒಡ್ಡಿನ ಹಿಂದೆ ಮೊಣಕಾಲುದ್ದ ನಿಂತಿತ್ತು. ಬಿರುಕುಗಳೆಲ್ಲ ಗುಳುಗುಳು ಎಂದು ಗಾಳಿ ಬಿಡುತ್ತ ಮುಚ್ಚಿಕೊಳ್ಳುತ್ತಿದ್ದವು. ಅಷ್ಟು ಚಂದದ ಸದ್ದನ್ನು ನಾನು ಕೇಳಿಲ್ಲ. ಒಂದು ಗಳಿಗೆ, ಖರೆ ಹೇಳುತ್ತೇನೆ, ಎಲ್ಲ ಮರೆತು ಕೇಳುತ್ತ ನಿಂತೆ. ಆಗ ಐಶ್ವರ್ಯ ಚೀರಿದಳು. ಒಡ್ಡಿನ ಆ ತುದಿಯಲ್ಲಿ ಬೆರಳು ಹಿಡಿಸುವಷ್ಟು ತೂತು ಬಿದ್ದು ನೀರು ಚಿಮ್ಮುತ್ತಿತ್ತು. ನೋಡುತ್ತಿದ್ದಂತೆ ಅದು ಕೈ ಹಿಡಿಸುವಷ್ಟಾಯಿತು, ಆಮೇಲೆ ಕೊಡ ಹಿಡಿಸುವಷ್ಟು.

ನಾನು ಕಟ್ಟಿದ್ದನ್ನು ನಾನೇ ಕಡಿಯತೊಡಗಿದೆ. ಅಂಕ, ಸೀಟು ಒಂದೂ ನೆನಪಿರಲಿಲ್ಲ. ಮಣ್ಣು ಸಡಿಲವಿತ್ತು, ನಾಲ್ಕು ಬುಟ್ಟಿ ತೆಗೆಯುವಷ್ಟರಲ್ಲಿ ನೀರೇ ದಾರಿ ಮಾಡಿಕೊಂಡು ನುಗ್ಗಿತು. ಅತ್ತ ತೂತಿನ ರಭಸ ಇಳಿಯಿತು, ಐಶ್ವರ್ಯ ಅದಕ್ಕೆ ಮಣ್ಣು ತುಂಬತೊಡಗಿದಳು. ಆದರೆ ಈಗ ಬಾಯಿಯ ಎರಡೂ ದಂಡೆ ಕುಸಿಯತೊಡಗಿದವು. ಕಲ್ಲು ಬೇಕು, ಕಲ್ಲೆಲ್ಲ ಹಾದಿಯಲ್ಲಿ.

ಒಂದು ಕಲ್ಲು ತಬ್ಬಿಕೊಂಡು ಬರುತ್ತಿದ್ದೆ. ಗೋಣಿಚೀಲ ತಲೆಗೆ ಹೊದ್ದ ಯಾರೋ ಅದನ್ನು ನನ್ನ ಕೈಯಿಂದ ತೆಗೆದುಕೊಂಡರು. ಬಸಂತರಾಯ ಕಾಕಾ. ಎರಡು ದಂಡೆಗೂ ಬಿಳಿ ಕಲ್ಲು ಒತ್ತುತ್ತ ಹೋದರು. ಆ ಮಬ್ಬಿನಲ್ಲಿ ಕಲ್ಲುಗಳಷ್ಟೇ ಕಾಣುತ್ತಿದ್ದವು. ಸುಣ್ಣ ಕರಗಿ ನೀರು ಸ್ವಲ್ಪ ಹೊತ್ತು ಹಾಲಿನ ಬಣ್ಣಕ್ಕೆ ಹರಿಯಿತು.

ಆಗ ಆಯಿ ಬಂದರು. ಬಸ್ಸಿಳಿದು ಸೀದಾ ಹೊಲಕ್ಕೆ ಬಂದಿದ್ದರು. ಬೀಜದ ಚೀಲ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಲೆಯ ಮೇಲಿತ್ತು. ಉಳಿದದ್ದು ಮಟ್ಟದ ಕಲ್ಲು. ಇಬ್ಬರೂ ಎರಡು ಮೊಳ ದೂರದಲ್ಲಿ ನಿಂತಿದ್ದರು, ಆದರೆ ಇಬ್ಬರೂ ನನ್ನನ್ನೇ ನೋಡುತ್ತಿದ್ದರು.

"ಅವಂಗ ಹೇಳು, ಕಲ್ಲು ಒಂದ ಗೇಣಿಗೆ ಕೂಡಬೇಕು."

"ನನಗ ಗೊತ್ತೈತಿ ಅಂತ ಆಕಿಗೆ ಹೇಳು. ಯಾರ ಗೇಣಂತ ಕೇಳು."

"ಅವನ ಗೇಣಂತೂ ಅಲ್ಲ ಅಂತ ಹೇಳು."

"ಆಕಿದೂ ಅಲ್ಲ."

ಕಾಕಾ ತಲೆಯ ಗೋಣಿಚೀಲ ಹಿಂದಕ್ಕೆ ಸರಿಸಿದರು. "ತಂಗಿ, ನಿಮಗ ಹೊಲ ಎಷ್ಟ ಐತಿ?" ಅಂದರು.

"ಇಲ್ರಿ ಕಾಕಾ. ಗೇಣೂ ಇಲ್ಲ."

"ಹಂಗಾರ ನಿನ್ನ ಕೈ ಇಡು."

ನಾನು ನೀರಿನಲ್ಲಿ ಮೊಣಕಾಲೂರಿದೆ. ಹೆಬ್ಬೆರಳು ನೆಲಕ್ಕೆ ಹಚ್ಚಿ, ಕಿರುಬೆರಳು ಮೇಲಕ್ಕೆ ಚಾಚಿ, ಆದಷ್ಟು ಅಗಲಿಸಿ ಹಿಡಿದೆ. ಆಯಿ ಒಂದು ತುದಿ, ಕಾಕಾ ಒಂದು ತುದಿ ಹಿಡಿದು ಚಪ್ಪಡಿಯನ್ನು ನನ್ನ ಕಿರುಬೆರಳ ಮಟ್ಟಕ್ಕೆ ಕೂಡಿಸಿದರು. ನೀರು ಒಂದು ಕ್ಷಣ ತಡೆದು, ಏರಿ, ಕಲ್ಲಿನ ಮೇಲೆ ತೆಳ್ಳಗೆ ಹಾಸಿಕೊಂಡು ಕೆಳಗಿನ ಹೊಲಕ್ಕೆ ಇಳಿಯಿತು. ಮೂವರೂ ನೋಡುತ್ತ ನಿಂತೆವು. ಮಳೆ ನಮ್ಮ ಮೇಲೆ ಸುರಿಯುತ್ತಲೇ ಇತ್ತು.

"ಚಾ ಕುಡೀತಾನೇನ ಕೇಳು ಅವಂಗ" ಅಂದರು ಆಯಿ.

"ಸಕ್ಕರಿ ಕಡಿಮಿ ಹಾಕಂತ ಹೇಳು. ಶುಗರ್ ಐತಿ" ಅಂದರು ಕಾಕಾ.

ಬೆಳಿಗ್ಗೆ ಹೋಗಿ ನೋಡಿದೆವು. ಒಡ್ಡಿನ ಆ ತುದಿಯಲ್ಲಿ ಎರಡು ಗುಂಟೆಯಷ್ಟು ಮೇಲ್ಮಣ್ಣು ಕೊಚ್ಚಿ ಹೋಗಿದೆ. ಕೆಳಗಿನ ಹಳದಿ ಗರಸು, ಬೆಳೆ ಹಿಡಿಯದ ಕಲ್ಲುಮಣ್ಣು, ಕಾಣುತ್ತಿದೆ. ಆಯಿ ಬೈಯಲಿಲ್ಲ. "ಒಂದ ಇಂಚು ಎರಿ ಆಗಾಕ ಎಷ್ಟ ವರ್ಷ ಬೇಕಂತ ನಿಮ್ಮ ಪುಸ್ತಕದಾಗ ಐತೇನು?" ಅಂದರು.

"ನೂರಾರು ವರ್ಷ ಅಂತ ಐತ್ರಿ."

"ಹಂಗಾರ ನಾನೂ ನೋಡಾಂಗಿಲ್ಲ, ನೀನೂ ನೋಡಾಂಗಿಲ್ಲ" ಎಂದು ನಡೆದು ಹೋದರು. ಬೈದಿದ್ದರೆ ಚೆನ್ನಾಗಿತ್ತು. ಆ ಗರಸಿನ ಮೇಲೆ ಕೂತು ಬಹಳ ಅತ್ತೆ.

ಸೆಪ್ಟೆಂಬರ್ ೨೦

ಮೌಲ್ಯಮಾಪನ. ಸರ್ ಬಂದವರೇ, "ಒಡ್ಡು ಒಡದೈತಲ್ಲ?" ಅಂದರು. "ಒಡದಿಲ್ರಿ ಸರ್, ನಾನ ತೆಗದೇನಿ" ಎಂದು ಮೊದಲಿನಿಂದ ಕೊನೆವರೆಗೆ ಹೇಳಿದೆ. ಮೊದಲ ವರದಿ ತಪ್ಪು ಅಂದೆ. ಗರಸು ತೋರಿಸಿದೆ. ಸರ್ ಮಟ್ಟದ ಕಲ್ಲಿನ ಮೇಲೆ ಕೂತು ಕೆಳಗಿನ ಹೊಲ ನೋಡಿದರು. "ನಿನ್ನ ಹದಿನೈದು ಅಂಕ ನಾ ಕಡೀತೇನಿ. ನೋಡದ ಶಹಬ್ಬಾಸ್ ಅಂದಿದ್ದಕ್ಕ ನನ್ನ ಅಂಕ ಯಾರು ಕಡೀಬೇಕು?" ಅಂದರು.

ಬೀಜದ ಸೀಟಿಗೆ ಇನ್ನು ಸಾಲುವುದಿಲ್ಲ ಎಂದು ಐಶ್ವರ್ಯ ಲೆಕ್ಕ ಹಾಕಿ ಹೇಳಿದಳು. ಸಂಜೆ ಅಳಬೇಕೆಂದು ಕಟ್ಟೆಯ ಮೇಲೆ ಕೂತೆ. ಕೋಡಿಯ ಎಡಗಡೆಯ ಒಂದು ಕಲ್ಲು ಅಲುಗುತ್ತಿದ್ದದ್ದು ನೆನಪಾಗಿ ಹೊಲಕ್ಕೆ ಹೋದೆ. ಬರುವಷ್ಟರಲ್ಲಿ ಕತ್ತಲಾಗಿತ್ತು.

ಅಕ್ಟೋಬರ್ ೧

ಬಿತ್ತನೆ ಮುಗಿಯಿತು, ಎರಡೂ ಹೊಲದಲ್ಲಿ. ಪೆನ್ನು ಕೂರಿಗೆಗೆ ಸಿಕ್ಕೀತೆಂದು ಹಿಂದೆ ಹಿಂದೆ ನಡೆದೆ, ಸಿಗಲಿಲ್ಲ. ಕಾಕಾ ದಿನಾ ಸಂಜೆ ಚಹಾಕ್ಕೆ ಬರುತ್ತಾರೆ. ಇನ್ನೂ ನೇರ ಮಾತಿಲ್ಲ. ನಾನು ಹೋದ ಮೇಲೆ ಹೇಗೋ ಏನೋ.

ಅಕ್ಟೋಬರ್ ೮

ಇವತ್ತು ಊರು ಬಿಟ್ಟೆವು. ಜೋಳ ಎರಡೆಲೆ ಆಗಿದೆ. ಗರಸಿನ ತುಂಡಿನಲ್ಲಿ ಮಾತ್ರ ಏನೂ ಎದ್ದಿಲ್ಲ. ಆಯಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟರು. ನನ್ನ ಬಲಗೈ ಹಿಡಿದುಕೊಂಡು, "ಗೇಣು ನಿಂದೈತಿ. ಕಲ್ಲ ಸರದ್ರ ನೀನ ಬರಬೇಕು. ಬ್ಯಾರೆದವರ ಕೈ ನಡಿಯಾಂಗಿಲ್ಲ" ಅಂದರು. ಟಂಟಂನಲ್ಲಿ ಐಶ್ವರ್ಯ ನಿದ್ದೆ ಹೋದಳು. ನನಗೆ ನಿದ್ದೆ ಬರಲಿಲ್ಲ. ಬಯಲು ಅಂದುಕೊಂಡಿದ್ದ ನೆಲ ಎಲ್ಲೆಲ್ಲಿ ಇಳಿಯುತ್ತದೆ, ಯಾವ ಒಡ್ಡಿನ ಬಾಯಿ ಎಲ್ಲಿದೆ ಎಂದು ನೋಡುತ್ತ ಬಂದೆ.

ಅಕ್ಟೋಬರ್ ೧೯

ಸಿಂದಗಿ. ಎಂ.ಎಸ್ಸಿ. ಪ್ರವೇಶ ಪರೀಕ್ಷೆಯ ಅರ್ಜಿ ತುಂಬಿದೆ. ವಿಷಯಕ್ಕೆ ಮೂರು ಆಯ್ಕೆ ಬರೆಯಬೇಕಿತ್ತು. ಮಣ್ಣು ಮತ್ತು ನೀರು ಸಂರಕ್ಷಣೆ ಎಂದು ಒಂದೇ ಬರೆದು ಅಬ್ಬಾನ ಸಹಿ ಹಾಕಿಸಿದೆ. ಅಮ್ಮಿ ಮಧ್ಯಾಹ್ನ ಮೆಂತ್ಯೆ ಪಲ್ಯ ಮಾಡಿದ್ದಳು, ಉಪ್ಪು ಹೆಚ್ಚಾಗಿತ್ತು.

ನಾಲ್ಕು ಗಂಟೆಗೆ ಜೋರು ಮಳೆ ಬಂತು. ಓಣಿಯವರೆಲ್ಲ ಒಳಗೆ ಓಡಿದರು, ಅಬ್ಬಾ ಅಂಗಡಿ ಬಾಗಿಲು ಎಳೆದುಕೊಂಡು ಬಂದ. ನಾನು ಆಗಲೇ ಅಂಗಳ ದಾಟಿ ಬೀದಿಗೆ ಬಂದಿದ್ದೆ. ಕಾಲಲ್ಲಿ ಅಬ್ಬಾನ ಚಪ್ಪಲಿ, ತಲೆಯ ಮೇಲೆ ಖಾಲಿ ಗೋಣಿಚೀಲ.

"ಏ ಗುಲ್ಲು, ಮಳ್ಯಾಗ ಎಲ್ಲಿ ಹೊಂಟಿ?" ಎಂದು ಅಮ್ಮಿ ಬಾಗಿಲಿಂದ ಕೂಗಿದಳು.

"ಹೊಲಕ್ಕ" ಅಂದೆ.

"ಯಾರ ಹೊಲಕ್ಕ?"

ನಿಂತೆ. ನಮಗೆ ಹೊಲವಿಲ್ಲ ಎಂಬುದು ನನಗೆ ಆಗ ನೆನಪಾಯಿತು.